ಹಿಡಿ ಜೋಳ ಹಾಕಿ ಮುಚ್ಚಿದ ಬಾಯಿ

ಸಕ್ರವ್ವ ಎರಡನೆಯ ತಂಬಿಗೆ ನೀರು ಸುರಿದುಕೊಳ್ಳುವಷ್ಟರಲ್ಲಿ ಬಚ್ಚಲಿನ ಕಲ್ಲು ಒಂದು ಮಗ್ಗುಲಿಗೆ ವಾಲಿತು. ಕಾಲು ಜಾರಿತೆಂದುಕೊಂಡು ಗೋಡೆಗೆ ಕೈ ಕೊಟ್ಟಳು. ಗೋಡೆಯೂ ವಾಲುತ್ತಿತ್ತು. ಹೊಸ್ತಿಲಾಚೆ ಜಿಗಿದು ತಿರುಗಿ ನೋಡಿದರೆ ಕಲ್ಲಿರಲಿಲ್ಲ, ಹಂಡೆ ಇರಲಿಲ್ಲ, ಒಲೆಯಲ್ಲಿ ಅರ್ಧ ಇರಲಿಲ್ಲ. ಹಂಡೆ ಕೆಳಗೆ ಬಿದ್ದ ಸಪ್ಪಳ ಮಾತ್ರ ತುಸು ತಡೆದು ಬಂತು. ಆ ತಡವೇ ತನ್ನ ಎದೆ ಒಡೆಸಿದ್ದು ಎಂದು ಆಮೇಲೆ ಅವಳು ಓಣಿಯವರಿಗೆಲ್ಲ ಹೇಳಿದಳು.

ಗ್ರಾಮ ಪಂಚಾಯಿತಿ ಅಧ್ಯಕ್ಷೆ ಅನ್ನಪೂರ್ಣೇಶ್ವರಿ ಬಂದಾಗ ಓಣಿಯ ತುಂಬ ಜನ ಕೊಡೆ, ಗೋಣಿಚೀಲ ಹೊದ್ದು ನಿಂತಿದ್ದರು. ಹಿಡಿದ ಮಳೆ ಬಿಟ್ಟಿರಲಿಲ್ಲ. ಶಿರೋಳದಾಚೆಗಿನ ಯರೇನಾಳದಲ್ಲಿ ಕಪ್ಪು ಮಣ್ಣು. ಒಣಗಿದರೆ ಕಲ್ಲು, ನೆನೆದರೆ ಅಂಬಲಿ. ಸುತ್ತಲ ಹೊಲಗಳಿಗೆ ಮಲಪ್ರಭೆಯ ಕಾಲುವೆ ಬಂದ ಮೇಲೆ ಅದು ಪೂರ್ತಿ ಒಣಗುವುದೇ ಅಪರೂಪವಾಗಿತ್ತು.

"ಎರಡ ಟ್ರಾಲಿ ಗರಸಮಣ್ಣ ತರಿಸ್ರಿ, ಹಾಕ್ರಿ, ಮುಗೀತು," ಎಂದ ಸಂಗನಬಸವ, ಅವಳಿಗಿಂತ ಮೊದಲೇ ಬಂದು ನಿಂತವನು. ಅವಳ ಗಂಡನ ಅಣ್ಣ. ಹಿಂದಿನ ಎರಡು ಅವಧಿಗೆ ಅವನೇ ಅಧ್ಯಕ್ಷ. ಈ ಸಲ ಹುದ್ದೆ ಮಹಿಳೆಗೆ ಮೀಸಲಾದಾಗ ತಮ್ಮನ ಹೆಂಡತಿಯನ್ನು ನಿಲ್ಲಿಸಿ ಗೆಲ್ಲಿಸಿದ್ದ.

ಅನ್ನಪೂರ್ಣೇಶ್ವರಿ ತಗ್ಗಿನ ಅಂಚಿಗೆ ಕುಕ್ಕರಗಾಲಲ್ಲಿ ಕುಂತು ಬಗ್ಗಿದಳು. ಮಣ್ಣು ಕುಸಿದ ತಗ್ಗು ಹೀಗಿರುವುದಿಲ್ಲ. ಇದರ ಗೋಡೆ ಗುಂಡಗಿತ್ತು, ಮಡಕೆಯ ಒಳಮೈಯಂತೆ ಕೆಳಗೆ ಹೋದಷ್ಟೂ ಅಗಲವಾಗಿತ್ತು. ಅಲ್ಲಲ್ಲಿ ಕಪ್ಪಾದ ಜೋಳದ ಕಣಿಕೆಯ ಎಳೆಗಳು ಮೆತ್ತಿಕೊಂಡಿದ್ದವು. ಹುಳಿಹುಳಿಯಾದ ಒಂದು ವಾಸನೆ ಮೇಲಕ್ಕೆ ಬರುತ್ತಿತ್ತು.

"ಇದು ತಾನಾಗ ಬಿದ್ದ ತಗ್ಗಲ್ಲ. ಯಾರೋ ತೋಡ್ಯಾರ. ಹಗೇವ ಏನ್ರಿ ಇದು?" ಎಂದು ಕೇಳಿದಳು.

ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಹೆಸರನ್ನು ಅವಳು ತವರೂರು ಸವಡಿಯಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ್ದಳು, ಕಣ್ಣಿಂದ ಕಂಡಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಮಳೆ ನೋಡಿದರು.

"ಹಳೇದ್ರಿ," ಎಂದ ಯಾರೋ ಹಿಂದಿನಿಂದ.

ಮನೆಗೆ ಮರಳುವಾಗ ಸಂಗನಬಸವ ದನಿ ತಗ್ಗಿಸಿ ಹೇಳಿದ: "ಮಂದಿ ಮುಂದ 'ಏನ್ರಿ ಇದು' ಅಂತ ಕೇಳಬಾರದವಾ. ಅವರು ಕೇಳಬೇಕು, ನಾವು ಹೇಳಬೇಕು. ಅಧ್ಯಕ್ಷರಿಗೇ ಗೊತ್ತಿಲ್ಲ ಅಂದ್ರ ಮಂದಿಗೆ ಧೈರ್ಯ ಎಲ್ಲಿಂದ ಬರತೈತಿ?"

"ನನಗ ಗೊತ್ತಿಲ್ಲಲ್ರಿ ಭಾವಾರ."

"ಗೊತ್ತಿಲ್ಲದ್ದನ್ನ ಮನ್ಯಾಗ ಇಟಗೋ. ಹೊರಗ ತರಬ್ಯಾಡ."

ಅವನು ಕೆಟ್ಟವನಲ್ಲ. ಊರಿಗೆ ಸಿಮೆಂಟಿನ ರಸ್ತೆ, ನೀರಿನ ಟಾಕಿ ತಂದವನು ಅವನೇ. ಹಿತ್ತಲ ಆಚೆಗೆ ಅಪ್ಪ ದಾನ ಕೊಟ್ಟ ಜಾಗದಲ್ಲಿ ಮುಂದೆ ನಿಂತು ಅಂಗನವಾಡಿ ಕಟ್ಟಿಸಿದವನೂ ಅವನೇ. ಆದರೆ ಎರಡು ಅವಧಿಯಲ್ಲಿ ಅವನ ಬಾಯಿಂದ ಒಂದು ಪ್ರಶ್ನೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಅದು ಅವನಿಗೆ ಹೆಮ್ಮೆಯ ಸಂಗತಿಯಾಗಿತ್ತು.

ಮರುದಿನ ಅವಳೂ ಪಿಡಿಒ ಭೀಮೇಶನೂ ಮನೆಮನೆಗೆ ಹೋದರು. ಭೀಮೇಶ ಕೈಯಲ್ಲಿ ಹಾಳೆ, ಪೆನ್ನು ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದ: "ನಿಮ್ಮ ಮನ್ಯಾಗ ಹಗೇವ ಐತೇನ್ರಿ?"

"ಇಲ್ಲರಿ."

"ನಮ್ಮಲ್ಲಿ ಎಂದೂ ಇದ್ದಿಲ್ಲರಿ."

"ಇತ್ತರಿ, ಯಾವಾಗ್ಲೋ ಮುಚ್ಚೀವಿ."

ನರಗುಂದದಲ್ಲಿ ನೆಲ ಕುಸಿದಾಗ ಮನೆಗಳಿಗೆ ಗುರುತು ಹಾಕಿ ಖಾಲಿ ಮಾಡಿಸಿದರಂತೆ ಎಂಬ ಮಾತು, ನಿಜವೋ ಸುಳ್ಳೋ, ಊರಲ್ಲಿ ಓಡಾಡುತ್ತಿತ್ತು. ಗುರುತು ಬಿದ್ದ ಮನೆಗೆ ಹೆಣ್ಣು ಕೊಡುವವರು ಯಾರು ಎಂದು ಮುರ್ತುಜಾಸಾಬ ನೇರವಾಗಿ ಕೇಳಿಯೇಬಿಟ್ಟ. ಅವನ ಮಗನ ಲಗ್ನ ಗಜೇಂದ್ರಗಡದಲ್ಲಿ ಮಾತಾಗಿತ್ತು. "ಅಧ್ಯಕ್ಷರ, ನಿಮ್ಮ ಹಾಳ್ಯಾಗ 'ಇಲ್ಲ' ಅಂತ ಬರಕೊಳ್ರಿ. ಚಾ ಕುಡೀರಿ," ಎಂದ. ಅವರು ಚಾ ಕುಡಿದು ಬಂದರು.

ಪಂಚಾಯಿತಿಯಲ್ಲಿ ಅಂಗನವಾಡಿ ಟೀಚರು ಉಮಾ ಕಾದು ನಿಂತಿದ್ದಳು.

"ಮುಂಬಾಗಿಲ ಮತ್ತ ಹತ್ತವಲ್ದರಿ ಮೇಡಂ, ಮುಚ್ಚಾಕ ಬರವಲ್ದು. ಹೋದ ವಾರ ಬಡಿಗ್ಯಾರ ಬಂದು ಕೆತ್ತಿ ಹೋದ್ರು. ಈಗ ಮತ್ತ ಕಚ್ಚಿ ನಿಂತೈತಿ."

"ಮಳಿಗೆ ಕಟಗಿ ಉಬ್ಬತಾವ," ಎಂದ ಭೀಮೇಶ. "ಇನ್ನೊಮ್ಮೆ ಕೆತ್ತಸೋಣ."

ಅನ್ನಪೂರ್ಣೇಶ್ವರಿ ಆಗಲಿ ಎಂದಳು. ಅವಳ ತಲೆಯಲ್ಲಿ ಸಕ್ರವ್ವನ ತಗ್ಗಿತ್ತು.

ಆ ತಗ್ಗಿಗೆ ಸಂಗನಬಸವ ಹೇಳಿದಂತೆ ಗರಸು ಹಾಕಿಸಿದ್ದರು. ಎರಡು ದಿನ ಬಿಟ್ಟು ನೋಡಿದರೆ ಗರಸು ಮೊಣಕಾಲುದ್ದ ಕೆಳಗೆ ಇಳಿದಿತ್ತು. ಅದೇ ದಿನ ಹಾಲಿನ ಗಾಡಿಯ ಹಿಂದಿನ ಗಾಲಿ ಊರ ನಡುವಿನ ಸಿಮೆಂಟು ರಸ್ತೆಯಲ್ಲೇ ಸಿಕ್ಕಿಕೊಂಡಿತು. ಸಿಮೆಂಟು ಒಡೆದ ಕಡೆ ಬಗ್ಗಿ ನೋಡಿದ ಚಾಲಕ ಖಾದರ ಹಿಂದಕ್ಕೆ ಸರಿದವನು ಮತ್ತೆ ಗಾಡಿಯ ಹತ್ತಿರ ಹೋಗಲೇ ಇಲ್ಲ. "ಕೆಳಗ ಏನೂ ಇಲ್ಲರಿ. ಬರೇ ಕತ್ತಲಿ," ಎಂದಷ್ಟೇ ಹೇಳಿದ.

"ಇನ್ನೊಂದ ಟ್ರಾಲಿ," ಎಂದ ಸಂಗನಬಸವ.

"ಹಾಕಿದ್ದ ಗರಸ ಎಲ್ಲಿ ಹೋತರಿ ಭಾವಾರ?"

"ಮಣ್ಣಾಗ ಹೋತು. ಮತ್ತೆಲ್ಲಿ ಹೋಗತೈತಿ?"

ಅವಳು ತಹಶೀಲ್ದಾರರ ಕಚೇರಿಗೆ ಫೋನು ಮಾಡಿದಳು. ಕೊಣ್ಣೂರಿನ ಸೇತುವೆ ಮುಳುಗಿದೆ, ಎಲ್ಲರೂ ಹೊಳೆದಂಡೆಯ ಊರುಗಳಲ್ಲಿದ್ದಾರೆ, ನೀರಿಳಿದ ಕೂಡಲೇ ಬರುತ್ತೇವೆ ಎಂದರು. ಆ ಮಾತು ಸುಳ್ಳಾಗಿರಲಿಲ್ಲ. ಆದರೆ ಅಲ್ಲಿಯವರೆಗೆ ಈ ಊರಿನ ನೆಲಕ್ಕೆ ಅವಳೊಬ್ಬಳೇ ಹೊಣೆ ಎಂದಾಯಿತು. ಅವತ್ತಿನಿಂದ ಅವಳು ನಡೆಯುವ ರೀತಿ ಬದಲಾಯಿತು. ಹೆಜ್ಜೆಯಿಟ್ಟು, ತಡೆದು, ಭಾರ ಬಿಡುತ್ತಿದ್ದಳು. ಊರಿನ ಅರ್ಧ ಜನ ಹಾಗೆಯೇ ನಡೆಯುತ್ತಿರುವುದು ಆಮೇಲೆ ಗಮನಕ್ಕೆ ಬಂತು. ಯಾರೂ ಅದರ ಮಾತಾಡುತ್ತಿರಲಿಲ್ಲ.

ಮನೆಮನೆಗೆ ಹೋಗಿ ಕೇಳಿದ್ದು ಏನಾಯಿತು ಎಂದು ಅವಳು ಯೋಚಿಸಿದಳು. ಹಾಳೆ ಹಿಡಿದು 'ಐತೇನು' ಎಂದರೆ ಯಾರಾದರೂ 'ಇಲ್ಲ' ಅನ್ನುವವರೇ. ಅದು ಕೇಳಿದಂತೆ ಆಗಲಿಲ್ಲ, ತಪಾಸಣೆ ಮಾಡಿದಂತೆ ಆಯಿತು. ಅವಳಿಗೆ ನಿಜವಾಗಿ ತಿಳಿಯಬೇಕಾದದ್ದು ಬೇರೆಯೇ ಇತ್ತು. ಹಗೇವು ಎಂದರೆ ಏನು, ಅದರೊಳಗೆ ಯಾರು ಇಳಿಯುತ್ತಿದ್ದರು, ಹೇಗೆ ಮುಚ್ಚುತ್ತಿದ್ದರು? ಇದನ್ನು ಅವಳು ಯಾರನ್ನೂ ಕೇಳಿರಲಿಲ್ಲ.

ಸಕ್ರವ್ವ ತಂಗಿಯ ಮನೆಯಲ್ಲಿ ಉಳಿದುಕೊಂಡಿದ್ದಳು. ಅನ್ನಪೂರ್ಣೇಶ್ವರಿ ಹೋದಾಗ ರೊಟ್ಟಿ ಬಡಿಯುತ್ತಿದ್ದಳು.

"ಇವತ್ತ ಪೆನ್ನ ಹಾಳಿ ತಂದಿಲ್ಲೇನ್ರಿ ಅಧ್ಯಕ್ಷರು?"

"ಇಲ್ಲ. ನಿನ್ನ ರೊಟ್ಟಿ ತಿನ್ನಾಕ ಬಂದೀನಿ."

"ಗ್ಯಾಸಿನ ಮ್ಯಾಲ ಬೇಯಿಸಿದ್ದ ಉಂಡ ಬಾಯಿಗೆ ನಮ್ಮ ಒಲಿ ರೊಟ್ಟಿ ಒರಟ ಆಕ್ಕಾವ ನೋಡ್ರಿ." ಆದರೂ ಬಿಸಿ ರೊಟ್ಟಿಯೊಂದನ್ನು ಅವಳ ಮುಂದೆ ಸರಿಸಿದಳು.

"ಸಕ್ರವ್ವಾ, ಹಗೇವಿನ ಜ್ವಾಳದ ರೊಟ್ಟಿ ಹ್ಯಾಂಗಿರತಿತ್ತು? ನಾ ಒಮ್ಮೆನೂ ಉಂಡಿಲ್ಲ."

ಸಕ್ರವ್ವನ ಕೈ ನಿಂತಿತು. ನಗು ಬಂತು. "ಯಾ ಜ್ವಾಳದ್ದು ಕೇಳ್ತೀರಿ? ಹಗೇವಿನಾಗ ಎರಡ ನಮೂನಿ ಜ್ವಾಳ. ನಡುವಿಂದು ಮುತ್ತಿನಂಗ ಇರತಿತ್ತು, ಅದು ನಿಮ್ಮ ಮನಿಯಂಥವರಿಗೆ. ಗ್ವಾಡಿಗೆ ಹತ್ತಿದ್ದು ಮುಗ್ಗ ಹಿಡದು ನಾರತಿತ್ತು, ಅದು ಕೂಲಿಯವರಿಗೆ. ನಾವು ಉಂಡಿದ್ದ ನಾರೂ ರೊಟ್ಟಿ. ಆದ್ರೂ ಏನ ರುಚಿ ಅಂತೀರಿ!"

"ಒಳಗ ಇಳೀತಿದ್ದವ್ರು ಯಾರು?"

"ನಮ್ಮಪ್ಪ. ನಿಮ್ಮ ಮಾವಾರ ಹಗೇವಿಗಿ ಅವನ ಇಳೀತಿದ್ದ. ಬಾಯಿ ತಗದ ಕೂಡ್ಲೇ ಇಳಿಯೂ ಹಂಗಿಲ್ಲರಿ. ಗಾಳಿ ಆಡಾಕ ಬಿಡಬೇಕು. ಆಮ್ಯಾಲ ಹಗ್ಗದಾಗ ಚಿಮಣಿ ಬಿಡಬೇಕು. ದೀಪ ಉರದ್ರ ಮನಶಾ ಇಳೀಬೇಕು. ಆರಿದ್ರ ಇಲ್ಲ." ಅವಳು ಹಿಟ್ಟಿನ ಕೈ ಒರೆಸಿಕೊಂಡಳು. "ನಮ್ಮ ಚಿಗವ್ವನ ಗಂಡ ಅವಸರ ಮಾಡಿ ಚಿಮಣಿ ಬಿಡಲಾರದ ಇಳದಾ. ಒದರಲೂ ಇಲ್ಲರಿ. ಕುಂತಾಂವ ಕುಂತಂಗ ಇದ್ದ."

ಒಲೆಯ ಬೆಂಕಿ ಮೆಲ್ಲಗೆ ಉರಿಯುತ್ತಿತ್ತು. ಅನ್ನಪೂರ್ಣೇಶ್ವರಿ ರೊಟ್ಟಿ ಮುರಿದಳು, ಬಾಯಿಗೆ ಹಾಕಲಿಲ್ಲ.

"ಆಮ್ಯಾಲ ಕಾಲವಿ ಬಂತು, ಮಂದಿ ಗೋಂಜಾಳ, ಹತ್ತಿ ಹಾಕಾಕ ಹತ್ತಿದ್ರು, ಹಗೇವ ಮುಚ್ಚಿದ್ರು. ಹೌದಿಲ್ಲೋ? ಒಂದ ಹಗೇವ ಮುಚ್ಚಾಕ ಎಷ್ಟ ಮಣ್ಣ ಹಿಡೀತಿತ್ತು?"

ಸಕ್ರವ್ವ ಬೈಗಳ ಕೇಳಿದವಳಂತೆ ತಿರುಗಿದಳು. "ಮಣ್ಣ? ಹಗೇವಿಗಿ ಮಣ್ಣ ಹಾಕ್ತಾರೇನ್ರಿ? ಇಷ್ಟ ದಿವಸ ಉಂಡ ಹೊಟ್ಟಿಗೆ ಮಣ್ಣ ಹಾಕಿದಂಗ ಆಗೂದಿಲ್ಲೇನು? ಮನಿ ಹಿರೇ ಹೆಣಮಗಳು ಒಂದ ಹಿಡಿ ಜ್ವಾಳ ಒಳಗ ಬಿಡತಾಳ. ಬಾಯಿಗೆ ಕಲ್ಲ ಮುಚ್ಚತಾರ. ಕಲ್ಲಿನ ಮ್ಯಾಲ ಮಣ್ಣ ಎಳೀತಾರ. ಅಷ್ಟ."

"ಅಂದ್ರ ಕಲ್ಲಿನ ಕೆಳಗ?"

"ಕೆಳಗ ಏನಿರತೈತಿ? ಖಾಲಿ."

ಮುಚ್ಚೀವಿ, ಮುಚ್ಚೀವಿ ಎಂದಿದ್ದರು ಎಲ್ಲರೂ. ಅವಳು, ಭೀಮೇಶ ಇಬ್ಬರೂ ಅದನ್ನು 'ತುಂಬೀವಿ' ಎಂದು ತಿಳಿದಿದ್ದರು. ಒಂದು ತಲೆಮಾರು ಭಕ್ತಿಯಿಂದ ಖಾಲಿ ಬಿಟ್ಟದ್ದರ ಮೇಲೆ ಇನ್ನೊಂದು ತಲೆಮಾರು ಬಚ್ಚಲು ಕಟ್ಟಿತ್ತು, ರಸ್ತೆ ಹಾಕಿತ್ತು. ಕಾಲುವೆಯ ನೀರು ವರ್ಷವರ್ಷವೂ ಆ ಗೋಡೆಗಳನ್ನು ನೆನೆಸುತ್ತಿತ್ತು.

"ಊರಾಗ ಎಲ್ಲಾರಕ್ಕಿಂತ ದೊಡ್ಡ ಹಗೇವ ಯಾರದು?"

ಸಕ್ರವ್ವ ರೊಟ್ಟಿ ತಿರುವಿ ಹಾಕಿದಳು. "ನಿಮ್ಮದ. ಎಲ್ಲಿತ್ತು ಅಂತ ಮಾತ್ರ ಕೇಳಬ್ಯಾಡ್ರಿ. ನಮ್ಮಪ್ಪ ಸಾಯೂತನಾ ಬಾಯಿ ಬಿಡಲಿಲ್ಲ. ಬಿಟ್ಟಿದ್ರ ಮರುದಿನ ಕೂಲಿ ಇರತಿದ್ದಿಲ್ಲ. ನಿಮ್ಮ ಅತ್ತಿನ್ನ ಕೇಳ್ರಿ." ಆಮೇಲೆ, ಅನ್ನಪೂರ್ಣೇಶ್ವರಿ ಎದ್ದು ನಿಂತಾಗ, ತಲೆ ಎತ್ತದೆ ಹೇಳಿದಳು: "ಲಗೂನ ಕೇಳ್ರಿ. ನಿಮ್ಮ ಕೂಸು ವ್ಯಾನಿನಾಗ ಕುಂತು ನರಗುಂದದ ಸಾಲಿಗೆ ಹೋಕ್ಕೈತಿ. ನಮ್ಮವು ಇಲ್ಲೇ ಆಡತಾವ."

ಅತ್ತೆ ಅಡಿವೆವ್ವ ಪಡಸಾಲೆಯಲ್ಲಿ ಹೊರಸಿನ ಮೇಲೆ ಕುಂತು ಅಕ್ಕಿ ಆರಿಸುತ್ತಿದ್ದಳು. ಮೊಣಕಾಲು ನೋವಿನಿಂದ ಹೊರಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಮೊದಲ ತಗ್ಗು ಬಿದ್ದ ದಿನವೇ ಅನ್ನಪೂರ್ಣೇಶ್ವರಿ ಅವಳನ್ನು ಕೇಳಿದ್ದಳು. "ನಮ್ಮ ಮನ್ಯಾಗ ಇಲ್ಲ," ಎಂದು ಅತ್ತೆ ಬಾಗಿಲು ಹಾಕಿದಂತೆ ಹೇಳಿದ್ದಳು. ಹಗೇವಿನ ಜಾಗವನ್ನು ಸೊಸೆಯಂದಿರಿಗೆ ಹೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಸೊಸೆಗೆ ತವರಿರುತ್ತದೆ, ತವರಿಗೆ ಕಿವಿಯಿರುತ್ತದೆ. ಅಪ್ಪ ಮಗನಿಗೆ ಹೇಳಬೇಕು. ಮಾವ ಹೊಲದಲ್ಲಿ ಕುಸಿದು ತೀರಿಕೊಂಡಾಗ ಹೇಳುವಷ್ಟು ಹೊತ್ತಿರಲಿಲ್ಲ. ಸಂಗನಬಸವ ಕೇಳುವವನಲ್ಲ.

ಅವಳು ನೆಲದ ಮೇಲೆ ಕುಂತು ಮೊರಕ್ಕೆ ಕೈ ಹಚ್ಚಿದಳು.

"ಅತ್ತೀ, ಹಗೇವ ಮುಚ್ಚುವಾಗ ಹಿಡಿ ಜ್ವಾಳ ಹಾಕಿದಾಕಿ ನೀವೇನ್ರಿ?"

ಅಡಿವೆವ್ವ ಅಕ್ಕಿಯೊಳಗಿನ ಒಂದು ಕಲ್ಲು ಆರಿಸಿ ಒಗೆದಳು.

"ಎಲ್ಲಿ ಅಂತ ಕೇಳೂದಿಲ್ಲ. ಹಾಕುವಾಗ ಏನ ಅನಸ್ತು ಅಂತ ಕೇಳಿದೆ."

ಮುದುಕಿಯ ಬೆರಳು ಅಕ್ಕಿಯಲ್ಲಿ ನಿಂತವು. "ಇದನ್ನ ಯಾರೂ ಕೇಳಿದ್ದಿಲ್ಲ ನೋಡು," ಎಂದಳು. "ನನಗೂ ನಮ್ಮತ್ತಿ ಜಾಗಾ ಹೇಳಿದ್ದಿಲ್ಲ. ಬಾಯಿ ತಗದ ದಿವಸ ವಾಸನಿ ಬರತಿತ್ತಲ್ಲ, ಅದರ ಮ್ಯಾಲ ತಿಳಕೊಂಡಿದ್ದೆ. ಮುಚ್ಚುವ ದಿವಸ ಮಾತ್ರ ನಿಮ್ಮ ಮಾವಾರು ಕೈ ಹಿಡದು ಕರಕೊಂಡು ಹೋದ್ರು. ಅತ್ತಬಿಟ್ಟೆ ನಾನು. ಕೈ ಬಿಚ್ಚವಲ್ದಾತು. ಬೇವಿನ ಗಿಡದ ನೆರಳ ಕೈಮ್ಯಾಲ ಬಿದ್ದಿತ್ತು, ಆ ನೆರಳ ನೋಡಕೋತ ನಿಂತಬಿಟ್ಟೆ."

"ಯಾವ ಬೇವಿನ ಗಿಡಾರಿ?"

"ಹಿತ್ತಲದ್ದು. ನಮ್ಮ ಸಂಗ್ಯಾ ಕಡಿಸಿದನಲ್ಲ, ಕೂಸುಗಳ ಸಾಲಿ ಕಟ್ಟುವಾಗ."

ಅನ್ನಪೂರ್ಣೇಶ್ವರಿಗೆ ಆ ಬೊಡ್ಡೆ ಗೊತ್ತಿತ್ತು. ಅಂಗನವಾಡಿಯ ಪಡುವಣ ಗೋಡೆಗೆ ಹತ್ತಿಯೇ ಇತ್ತು. ಅಡುಗೆಯಾಕೆ ಅದರ ಮೇಲೆ ಪಾತ್ರೆ ಒಣ ಹಾಕುತ್ತಿದ್ದಳು. ಗಿಡದ ನೆರಳು ಎಂದರೆ ಸುತ್ತ ಎಲ್ಲಿಯೂ ಇರಬಹುದು.

"ಅತ್ತೀ, ಅದು ಮುಂಜಾನಿ ನೆರಳೋ, ಸಂಜಿ ನೆರಳೋ?"

"ಸಂಜಿದು. ದನ ಮನೀಗೆ ಬರೂ ಹೊತ್ತು."

ಸಂಜೆಯ ನೆರಳು ಮೂಡಣಕ್ಕೆ ಬೀಳುತ್ತದೆ, ಉದ್ದಕ್ಕೆ ಬೀಳುತ್ತದೆ. ಬೊಡ್ಡೆಯಿಂದ ಮೂಡಣಕ್ಕೆ ಇರುವುದು ಮಕ್ಕಳ ಕೋಣೆ. ಕೋಣೆಯ ಮೂಡಣ ತುದಿಯಲ್ಲಿ ಮುಂಬಾಗಿಲು. ಹತ್ತದ ಬಾಗಿಲು. ಕೆತ್ತಿಸಿದರೂ ಮತ್ತೆ ಕಚ್ಚಿದ ಬಾಗಿಲು.

ಬಾಗಿಲು ಯಾಕೆ ಕಚ್ಚಿದೆ ಎಂದು ಅವಳು ಉಮಾಳನ್ನು ಕೇಳಿರಲಿಲ್ಲ.

"ಏನಾತವಾ? ಆನಿ ನಿಂತ್ರೂ ಅಲುಗದ ಕಲ್ಲ ಅದು," ಎಂದು ಅಡಿವೆವ್ವ ಹಿಂದಿನಿಂದ ಕೂಗುತ್ತಿದ್ದಳು. ಅನ್ನಪೂರ್ಣೇಶ್ವರಿ ಚಪ್ಪಲಿ ಮೆಟ್ಟದೆ ಹಿತ್ತಲು ದಾಟಿದ್ದಳು.

ಅಂಗನವಾಡಿಗೆ ಇನ್ನೊಂದು ಸಣ್ಣ ಬಾಗಿಲಿತ್ತು, ಪಡುವಣದ ಅಡುಗೆ ಕೋಣೆಗೆ. ಅದರಿಂದ ಒಳಗೆ ಇಣುಕಿದಳು. ಮಕ್ಕಳು ಊಟ ಮುಗಿಸಿ ಮಲಗಿದ್ದವು. ಎಲ್ಲ ಮಕ್ಕಳೂ ಅಡುಗೆ ಕೋಣೆಯ ಕಡೆಗೇ ಒತ್ತಿಕೊಂಡು ಮಲಗಿದ್ದವು. ಮುಂಬಾಗಿಲ ಕಡೆ ಅರ್ಧ ಕೋಣೆ ಖಾಲಿ.

"ಹುಡುಗ್ರು ಯಾಕ ಎಲ್ಲಾ ಈ ಕಡೆನ ಮಲಗ್ಯಾರ ಉಮಾ?"

"ಆ ಕಡೆ ನೆಲ ಥಂಡಿ ಅಂತಾರ್ರಿ. ನೆಲದಾಗ ನೀರ ಗುಳುಗುಳು ಅಂತೈತಿ ಅಂತಾರ. ಸುಳ್ಳ ಹೇಳತಾವ."

ಅನ್ನಪೂರ್ಣೇಶ್ವರಿ ಉಮಾಳ ತೋಳು ಹಿಡಿದಳು. ಗಟ್ಟಿಯಾಗಿ ಹಿಡಿದಿದ್ದು ಉಮಾಳ ಮುಖ ನೋಡಿದ ಮೇಲೆ ತಿಳಿಯಿತು. "ಒಬ್ಬೊಬ್ಬರನ್ನ ಎತ್ತಿ ಈ ಬಾಗಿಲಿಂದ ಕೊಡು. ಓಡಬ್ಯಾಡ. ಯಾರೂ ಓಡಬಾರದು. ಆ ಕಡೆ ಕಾಲ ಇಡಬ್ಯಾಡ."

ಉಮಾ ಯಾಕೆ ಎಂದು ಕೇಳಲು ಬಾಯಿ ತೆರೆದಳು. ಆಮೇಲೆ ಖಾಲಿ ಅರ್ಧ ಕೋಣೆಯನ್ನು ನೋಡಿದಳು, ವಾರೆಯಾಗಿ ನಿಂತ ಬಾಗಿಲನ್ನು ನೋಡಿದಳು, ಬಾಯಿ ಮುಚ್ಚಿ ಮೊದಲ ಮಗುವನ್ನು ಎತ್ತಿದಳು.

ನಿದ್ದೆಗಣ್ಣಿನ ಮಕ್ಕಳು ಹೆಗಲಿಂದ ಹೆಗಲಿಗೆ ಬಂದವು. ಹೊರಗೆ ಅಡುಗೆಯಾಕೆ ಬೊಡ್ಡೆಯ ಆಚೆ, ಕಟ್ಟೆಯ ಮೇಲೆ ಅವುಗಳನ್ನು ಕೂರಿಸುತ್ತಿದ್ದಳು. ಮಳೆಗೆ ಒಂದೆರಡು ಅಳತೊಡಗಿದವು. ಆ ಅಳುವಿಗೆ ಮಗುವೊಂದು ಚಾಪೆಯ ಮೇಲೆ ಎದ್ದು ಕುಂತಿತು. ಖಾದರನ ಮಗಳು ಆಸಿಫಾ. ಮನೆಗೆ ಬಿಟ್ಟರೆಂದು ತಿಳಿದಳೋ ಏನೋ, ಎದ್ದವಳೇ ಮುಂಬಾಗಿಲ ಕಡೆ ನಡೆದಳು. ಮಕ್ಕಳ ಚಪ್ಪಲಿಗಳೆಲ್ಲ ಅಲ್ಲಿ ಸಾಲಾಗಿದ್ದವು.

ಉಮಾ ಹೆಜ್ಜೆ ಎತ್ತಿದವಳು ಅಲ್ಲೇ ತಡೆದಳು. ಕೂಗಿದರೆ ಮಗು ಓಡುತ್ತದೆ. ಹಿಂದೆ ಹೋದರೆ ದೊಡ್ಡವರ ಭಾರ ನೆಲ ತಾಳದು.

"ಆಸಿಫಾ," ಎಂದಳು ಅನ್ನಪೂರ್ಣೇಶ್ವರಿ, ಅಂಗಡಿಯಲ್ಲಿ ಮಾತಾಡಿಸಿದಂತೆ. "ನಿನ್ನ ಚಪ್ಪಲ್ ಯಾ ಬಣ್ಣದ್ದು?"

ಮಗು ನಿಂತಿತು. "ಗುಲಾಬಿ."

"ಅದರ ಮ್ಯಾಲ ಏನೋ ಚಿತ್ರ ಐತಂತಲ್ಲ. ಏನದು?"

"ಚಿಟ್ಟಿ."

"ಖರೇನ? ಚಿಟ್ಟಿಗೆ ಎಷ್ಟ ರೆಕ್ಕಿ ಅದಾವ? ಬಾ, ನನ್ನ ಕಿವ್ಯಾಗ ಹೇಳು. ಇವರಿಗ್ಯಾರಿಗೂ ಹೇಳಬ್ಯಾಡ."

ಆಸಿಫಾ ತಿರುಗಿ ಬಂದಳು, ಒಂದೊಂದೇ ಹೆಜ್ಜೆ, ಬೆರಳಲ್ಲಿ ರೆಕ್ಕೆ ಲೆಕ್ಕ ಹಾಕುತ್ತ. ಕೈಗೆ ಸಿಕ್ಕ ಕೂಡಲೇ ಅನ್ನಪೂರ್ಣೇಶ್ವರಿ ಅವಳನ್ನು ಎತ್ತಿಕೊಂಡಳು. ಮಗು ಕಿವಿಯಲ್ಲಿ ಹೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಕೊನೆಯ ಮಗು ಹೊರಬರುವ ಹೊತ್ತಿಗೆ ಸುದ್ದಿ ಊರಿಗೆ ಮುಟ್ಟಿತ್ತು. ಜನ ಓಡಿ ಬಂದರು. ಮನೆಯಲ್ಲಿ ಅವ್ವನ ಮಾತು ಕೇಳಿಸಿಕೊಂಡ ಸಂಗನಬಸವ ಮುಂಬಾಗಿಲ ಕಡೆಯಿಂದ ಬಂದ.

"ಏನ ಚಾಷ್ಟಿ ಇದು? ಕೂಸುಗಳನ್ನ ಮಳ್ಯಾಗ ಕುಂದ್ರಸೀರಿ! ಮುದುಕಿ ಏನೋ ನೆರಳಿನ ಕತಿ ಹೇಳಿದ್ಲಂತ, ಇಕಿ ಸಾಲಿ ಖಾಲಿ ಮಾಡಿದ್ಲಂತ!"

"ಭಾವಾರ, ಒಳಗ ಬರಬ್ಯಾಡ್ರಿ," ಎಂದು ಅವಳು ಅಡುಗೆ ಕೋಣೆಯ ಬಾಗಿಲಿಂದ ಕೂಗಿದಳು.

"ನಾ ನಿಂತ ಕಟ್ಟಿಸಿದ್ದು. ನನಗ ಹೇಳ್ತಿ?" ಅವನು ವಾರೆ ಬಾಗಿಲಿಗೆ ಹೆಗಲು ಕೊಟ್ಟು ದೂಡಿ ಒಳಗೆ ಬಂದ. ಎಲ್ಲರಿಗೂ ಕಾಣಲೆಂದು ನಾಲ್ಕು ಹೆಜ್ಜೆ ನಡೆದು ಕೋಣೆಯ ನಡುವೆ ನಿಂತು ಬಲಗಾಲೆತ್ತಿ ನೆಲಕ್ಕೆ ಬಡಿದ. "ನೋಡ್ರಿ. ಏನಾಗೇತಿ?"

ಬಡಿದ ಸಪ್ಪಳ ನೆಲದ್ದಾಗಿರಲಿಲ್ಲ. ಖಾಲಿ ಗುಡಾಣಕ್ಕೆ ಬಡಿದಂತೆ ಇತ್ತು. ಹೊರಗಿದ್ದವರೆಲ್ಲ ಅದನ್ನು ಕೇಳಿದರು. ಅವನೂ ಕೇಳಿದ.

ಬಾಗಿಲ ಬಳಿಯ ಚಪ್ಪಲಿಗಳಲ್ಲಿ ಒಂದು ತಾನಾಗಿ ಸರಿಯಿತು. ಅದರ ಹಿಂದೆ ಇನ್ನೊಂದು. ನೆಲ ತಟ್ಟೆಯಂತೆ ಬಾಗುತ್ತಿತ್ತು. ಅವನ ಹಿಂದೆ ಕೂದಲೆಳೆಯಷ್ಟಿದ್ದ ಬಿರುಕು ಬೆರಳಗಲವಾಯಿತು. ಬಂದ ದಾರಿ ಹೋಯಿತು.

ಸಂಗನಬಸವ ಕಾಲು ಕೀಳಲಿಲ್ಲ.

"ಭಾವಾರ, ನನ್ನ ಕಡೆ ನೋಡ್ರಿ," ಎಂದಳು ಅನ್ನಪೂರ್ಣೇಶ್ವರಿ. "ಯಾವ ಕಾಲಿನ ಕೆಳಗ ಗಟ್ಟಿ ಅನಸತೈತಿ?"

ಅವನು ಒಂದು ಕಾಲು ನೋಡಿದ, ಆಮೇಲೆ ಇನ್ನೊಂದು ಕಾಲು ನೋಡಿದ. "ಗೊತ್ತಿಲ್ಲವಾ."

ಆ ಮಾತನ್ನು ಅವನ ಬಾಯಲ್ಲಿ ಅವಳು ಮೊದಲ ಸಲ ಕೇಳಿದ್ದಳು.

"ಹಂಗಾರ ಸಾವಕಾಶ ಕುಂದ್ರಿ. ಅಂಗೈ ನೆಲಕ್ಕ ಊರಿ ನೋಡ್ರಿ. ಎಲ್ಲಿ ಅಲುಗವಲ್ದು?"

ಅವನು ಕುಂತ. ಮಗುವಿನಂತೆ ನೆಲ ಸವರಿದ. "ಎಡಕ್ಕ. ಗ್ವಾಡಿ ಕಡೆ."

"ಮಕ್ಕೊಂಡು ಸರಕೋತ ಬರ್ರಿ. ಏಳಬ್ಯಾಡ್ರಿ."

ಬಿಳಿ ಧೋತರ ಉಟ್ಟ ಮನುಷ್ಯ ಊರವರ ಕಣ್ಣೆದುರಿಗೇ ಹೊಟ್ಟೆಯ ಮೇಲೆ ತೆವಳುತ್ತ ಬಂದ. ಯಾರೂ ನಗಲಿಲ್ಲ. ಮುರ್ತುಜಾಸಾಬ ಅಡುಗೆ ಕೋಣೆಯಿಂದ ಕೈ ಚಾಚಿ ಅವನ ಮುಂಗೈ ಹಿಡಿದು ಎಳೆದುಕೊಂಡ. ಅವನ ಕಾಲು ಹೊಸ್ತಿಲು ದಾಟಿತೋ ಇಲ್ಲವೋ, ಕೋಣೆಯ ನಡುವಿನ ನೆಲ ಸದ್ದಿಲ್ಲದೆ ಕೆಳಗಿಳಿಯಿತು. ಚಾಪೆ, ತೂಕದ ಯಂತ್ರ, ಗುಲಾಬಿ ಚಪ್ಪಲಿ, ಬಾಗಿಲ ಚೌಕಟ್ಟು ಎಲ್ಲವೂ ಹೋದವು. ಸಪ್ಪಳ ತಡೆದು ಬಂತು. ಅದರ ಹಿಂದೆ ಹಳೆಯ ಜೋಳದ ಹುಳಿ ವಾಸನೆ ಕೋಣೆ ತುಂಬಿತು.

ಮೊದಲು ಬಾಯಿ ಬಿಟ್ಟವನು ಮುರ್ತುಜಾಸಾಬ. "ನಮ್ಮದು ದನದ ಕೊಟ್ಟಿಗ್ಯಾಗೈತ್ರಿ," ಎಂದ, ಯಾರೂ ಕೇಳದೆಯೇ. "ಕಲ್ಲ ಮುಚ್ಚೀವಿ. ಮಣ್ಣ ಹಾಕಿಲ್ಲ." ಇನ್ನೊಬ್ಬಳು ತನ್ನ ಅಡುಗೆಮನೆ ಎಂದಳು. ಮತ್ತೊಬ್ಬ, ಮಕ್ಕಳು ಮಲಗುವ ಕೋಣೆ. ಹೇಳಿದವರು ಹೇಳಿ ಸುಮ್ಮನಿರಲಿಲ್ಲ, ಮನೆಯ ಕಡೆ ಓಡಿದರು. ಓಡಬ್ಯಾಡ್ರಿ, ಗ್ವಾಡಿ ಹಿಡಕೊಂಡ ನಡೀರಿ ಎಂದು ಅನ್ನಪೂರ್ಣೇಶ್ವರಿ ಕೂಗುತ್ತಲೇ ಇದ್ದಳು. ಸಂಜೆಯೊಳಗೆ ಆ ಮನೆಗಳವರನ್ನೆಲ್ಲ ಹೈಸ್ಕೂಲಿನ ಕಟ್ಟಡಕ್ಕೆ ಕಳಿಸುವ ಕೆಲಸವನ್ನು ಭೀಮೇಶನಿಗೆ ಹಚ್ಚಿದಳು. ಆ ಕಟ್ಟಡ ಊರ ಹೊರಗೆ, ಬಂಡೆಗಲ್ಲಿನ ಮೇಲಿತ್ತು. ಹಾಗೆಂದು ನಂಬುವ ಮೊದಲು ಅದನ್ನೂ ನಾಲ್ಕು ಜನರನ್ನು ಕೇಳಿ ಖಾತ್ರಿ ಮಾಡಿಕೊಂಡಳು.

ಮನೆಗೆ ಬಂದಾಗ ಅಡಿವೆವ್ವ ಹೊರಸಿನ ಮೇಲೆ ಹಾಗೆಯೇ ಕುಂತಿದ್ದಳು, ಕಾಲು ಇಳಿಬಿಟ್ಟು, ಮಡಿಲಲ್ಲಿ ಮೊರ. ಸಂಗನಬಸವ ಮೈಯೆಲ್ಲ ಕೆಸರಾಗಿ ಪಡಸಾಲೆಯ ಹೊಸ್ತಿಲ ಒಳಗೆ ನಿಂತ. ಅನ್ನಪೂರ್ಣೇಶ್ವರಿ ನಡೆದದ್ದನ್ನು ಹೇಳಿದಳು. ಮುದುಕಿ ಕೇಳುತ್ತ ಕೇಳುತ್ತ ಸಣ್ಣವಳಾದಳು. "ಆನಿ ನಿಂತ್ರೂ ಅಲುಗದ ಕಲ್ಲ," ಎಂದು ಇನ್ನೊಮ್ಮೆ ಅಂದಳು, ಯಾರಿಗೂ ಅಲ್ಲ.

ಸಂಗನಬಸವ ಧೋತರದ ಕೆಸರು ಕೊಡವುತ್ತಿದ್ದವನು ಕೈ ನಿಲ್ಲಿಸಿದ.

"ಯವ್ವಾ," ಎಂದ. ಮುಂದಿನ ಮಾತಿಗೆ ಅವನು ತಡಕಾಡಿದ. "ನಮ್ಮ ಮನಿದು ಅದೊಂದ ಇತ್ತೇನ?"

ಅಡಿವೆವ್ವ ಮಗನನ್ನು ನೋಡಿದಳು. ಸೊಸೆಯನ್ನು ನೋಡಿದಳು. ಪಡಸಾಲೆಯ ಸಾರಿಸಿದ ನೆಲವನ್ನು ನೋಡಿದಳು.

"ಅದು ಉಣ್ಣೂ ಜ್ವಾಳದ್ದು," ಎಂದಳು. "ಬೀಜದ ಜ್ವಾಳದ ಹಗೇವ ಮನೀ ಒಳಗೈತಿ."

ಅಷ್ಟು ಹೇಳಿ, ನೆಲಕ್ಕೆ ಊರಿದ್ದ ಎರಡೂ ಕಾಲನ್ನು ಮೆಲ್ಲಗೆ ಎತ್ತಿ ಹೊರಸಿನ ಮೇಲೆ ಇಟ್ಟುಕೊಂಡಳು.

ಆಗ ಓಣಿಯಲ್ಲಿ ನರಗುಂದದ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು. ಮಗಳು ಪೂಜಾ ದಿನವೂ ಹೊಸ್ತಿಲಿಂದ ಜಿಗಿದು ಪಡಸಾಲೆಯ ನಡುವೆ ಬ್ಯಾಗು ಒಗೆದು ಅಜ್ಜಿಯ ಹೊರಸಿಗೆ ಓಡುತ್ತಿದ್ದಳು. ಅನ್ನಪೂರ್ಣೇಶ್ವರಿ ಗೋಡೆಗೆ ಬೆನ್ನು ಹಚ್ಚಿ, ಅಡ್ಡಡ್ಡ ಹೆಜ್ಜೆಯಿಡುತ್ತ ಬಾಗಿಲ ಕಡೆ ಸರಿದಳು. ಒದ್ದೆ ಬೂಟಿನ ಸಪ್ಪಳ ಕಟ್ಟೆ ಹತ್ತುತ್ತಿತ್ತು.

"ಪೂಜಾ," ಎಂದು ಅವಳು ಕರೆದಳು. "ಇವತ್ತ ಸಾಲ್ಯಾಗ ಏನ ಕಲಸಿದ್ರವಾ? ಅಲ್ಲೇ ನಿಂತ ಹೇಳು ನೋಡೂಣು."